ಎಡೆದೊರೆಯ ಯುದ್ಧಗಳು, ಹೊರಗಿನವರ ಕಥೆಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಹರಡಿಕೊಂಡಿರುವ ಎರೆಭೂಮಿಯನ್ನು ಹಳೆಯ ಶಾಸನಗಳು ಎಡೆದೊರೆನಾಡು ಎಂದು, ಅಂದರೆ ಎರಡು ತೊರೆಗಳ ಎಡೆಯಲ್ಲಿರುವ ನಾಡೆಂದು ಕರೆದವು. ಪರ್ಷಿಯನ್ ಬಳಕೆಯ ಆಡಳಿತದಲ್ಲಿ ಅದೇ ನೆಲ ರಾಯಚೂರು ದೋಆಬ್ ಆಯಿತು. ರಾಯಚೂರು ಈ ನಾಡಿನ ಮುಖ್ಯ ಕೋಟೆ. ದೇವದುರ್ಗ ಕೃಷ್ಣೆಯ ಕಡೆಗೂ ಮಾನ್ವಿ ತುಂಗಭದ್ರೆಯ ಕಡೆಗೂ ಇರುವ ನೆಲೆಗಳು. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ನಿಜಾಮರು, ಕೊನೆಗೆ ಬ್ರಿಟಿಷರು ಒಬ್ಬರಾದ ಮೇಲೊಬ್ಬರು ಈ ನೆಲಕ್ಕಾಗಿ ದಂಡು ಕಟ್ಟಿಕೊಂಡು ಬಂದರು. ಇಷ್ಟೊಂದು ಯುದ್ಧಗಳನ್ನು ಕಂಡ ಈ ಸೀಮೆಯ ಯುದ್ಧಕಥನ ಬಹುಪಾಲು ಇಲ್ಲಿ ಹುಟ್ಟದವರ ಕೈಯಿಂದಲೇ ಬಂದಿದೆ. ಕುದುರೆ ವ್ಯಾಪಾರಕ್ಕೆಂದು ಬಂದ ಪೋರ್ಚುಗೀಸನೊಬ್ಬ, ಕ್ಯಾಸ್ಪಿಯನ್ ತೀರದಲ್ಲಿ ಹುಟ್ಟಿ ಬಿಜಾಪುರದ ಆಸ್ಥಾನ ಸೇರಿದ ಚರಿತ್ರಕಾರನೊಬ್ಬ, ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ-ಕಾದಂಬರಿಕಾರನೊಬ್ಬ, ಈ ಮೂವರ ಬರಹಗಳನ್ನು ಬದಿಗಿಟ್ಟರೆ ಎಡೆದೊರೆಯ ಯುದ್ಧಗಳ ಬಗ್ಗೆ ಹೊರಜಗತ್ತಿಗೆ ತಿಳಿದದ್ದು ಬಹಳ ಕಡಿಮೆ.

ಈ ಬರಹಗಳ ಓದುಗರು ಲಿಸ್ಬನ್ನಿನಲ್ಲಿದ್ದರು, ಬಿಜಾಪುರದ ದರಬಾರಿನಲ್ಲಿದ್ದರು, ಲಂಡನ್ನಿನಲ್ಲಿದ್ದರು. ಅವರ ಪಾಲಿಗೆ ಇದು ಪರನಾಡಿನ ಕದನವಾಗಿದ್ದರಿಂದ ಯಾರು ಆಳಲು ಯೋಗ್ಯರು, ಯಾರು ದಂಗೆಕೋರರು, ಯುದ್ಧ ಏಕಾಯಿತು ಎಂಬ ಅವರ ರಾಜಕೀಯ ತೀರ್ಮಾನಗಳಿಗೆ ಕಥೆಯೇ ಆಧಾರವಾಯಿತು. ಇಂಥ ಕಥೆಗಳು ಸ್ಥಳದ ವಿವರಗಳಲ್ಲಿ ಅಪ್ಪಟ ಸತ್ಯವನ್ನು ಹೇಳುತ್ತವೆ; ಹೊಳೆಯ ಸೆಳೆತ, ಕೋಟೆಯ ಬಾಗಿಲು, ಬಂಡೆಯ ಬಣ್ಣ ಎಲ್ಲವೂ ಹೋಗಿ ನೋಡಿದವರಿಗೆ ಸರಿಯಾಗಿಯೇ ಕಾಣುತ್ತವೆ. ಆ ನಿಖರತೆಯಿಂದ ಗಳಿಸಿದ ನಂಬಿಕೆಯ ಬಲದ ಮೇಲೆ ಅವು ಯುದ್ಧದ ಕಾರಣವನ್ನು ತಮಗೆ ಬೇಕಾದಂತೆ ಹೇಳಿಬಿಡುತ್ತವೆ. ಎಡೆದೊರೆಯ ಮಟ್ಟಿಗಂತೂ ಇದು ಮತ್ತೆ ಮತ್ತೆ ನಡೆದಿದೆ.

ಈ ನೆಲದವರು ತಮ್ಮ ಯುದ್ಧಗಳನ್ನು ತಾವೇ ಏಕೆ ಬರೆಯಲಿಲ್ಲ ಎಂದು ಕೇಳುವವರು ಇಲ್ಲಿನ ಸಾಹಿತ್ಯ ಯಾವ ದಾರಿ ಹಿಡಿಯಿತೆಂಬುದನ್ನು ನೋಡಬೇಕು. 18ನೆಯ ಶತಮಾನದಲ್ಲಿ, ನಿಜಾಮರ ಮತ್ತು ಮರಾಠರ ದಂಡುಗಳು ಈ ಸೀಮೆಯ ಸುತ್ತ ಓಡಾಡುತ್ತಿದ್ದ ಕಾಲದಲ್ಲಿ, ಮಾನ್ವಿ ತಾಲ್ಲೂಕಿನ ಚೀಕಲಪರವಿಯಿಂದ ವಿಜಯದಾಸರು, ಬ್ಯಾಗವಾಟದಿಂದ ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಿಂದ ಗೋಪಾಲದಾಸರು ಬಂದರು. ದಾಸಸಾಹಿತ್ಯದ ಎರಡನೆಯ ಘಟ್ಟವೇ ಈ ಎರಡು ತಾಲ್ಲೂಕುಗಳ ನೆಲದಲ್ಲಿ ಮೈದಳೆಯಿತೆಂದರೂ ಸಲ್ಲುತ್ತದೆ. ಆದರೆ ಸುಳಾದಿ, ದೇವರನಾಮಗಳ ಗುರಿ ಹರಿಭಕ್ತಿ. ದಂಡಯಾತ್ರೆಯ ವರದಿ ಅವುಗಳ ಕೆಲಸವಾಗಿರಲಿಲ್ಲ.

ಇದಕ್ಕಿಂತ ಹಿಂದೆ ಹೋದರೆ ರಾಯಚೂರಿನ ಕೋಟೆಗೋಡೆಯೇ ಒಂದು ದಾಖಲೆಯಾಗಿದೆ. ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಚಪ್ಪಡಿಯ ಮೇಲೆ ಕೊರೆದ, 1294ರ, ಕಾಕತೀಯರ ಕಾಲದ ತೆಲುಗು ಶಾಸನವು ಆದವಾನಿ, ಮಾನುವೆ ಮೊದಲಾದ ಕೋಟೆಗಳನ್ನು ಗೆದ್ದು ಬಂದ ದಂಡನಾಯಕನೊಬ್ಬ ರಾಯಚೂರಿನಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಮಾನುವೆ ಎಂದರೆ ಇಂದಿನ ಮಾನ್ವಿ. ಆ ಗೋಡೆಯ ಮೇಲೆ ಇನ್ನೊಂದು ಚಿತ್ರವೂ ಇದೆ: ಗಟ್ಟಿ ಗಾಲಿಗಳ ಬಂಡಿಯ ಮೇಲೆ ಆ ಮಹಾಶಿಲೆಯನ್ನಿಟ್ಟು, ಕೋಣಗಳ ಸಾಲು ಹೂಡಿ, ಗಾಲಿ ಹೂತಲ್ಲಿ ಆಳುಗಳು ಸನ್ನೆಕೋಲು ಹಾಕಿ ಎತ್ತುತ್ತಿರುವ ದೃಶ್ಯ. ಗೆದ್ದ ದಂಡನಾಯಕನ ಹೊಗಳಿಕೆಯ ಜೊತೆಯಲ್ಲೇ ಕಲ್ಲೆಳೆದವರ ದುಡಿಮೆಯನ್ನೂ ಕಡೆದಿಟ್ಟ ಆ ಕೈ, ಮುಂದಿನ ಐದು ಶತಮಾನಗಳ ಕಥೆಗಾರರಲ್ಲಿ ಬಹುತೇಕರು ಮಾಡದ ಕೆಲಸವನ್ನು ಮಾಡಿದೆ.

ಕಾರಣವನ್ನು ಬದಲಿಸುವ ಕಥನಕ್ಕೆ ಎಡೆದೊರೆಯಲ್ಲಿ ಮೊದಲ ದೊಡ್ಡ ಉದಾಹರಣೆ ಮುದಗಲ್ಲಿನ ಅಕ್ಕಸಾಲಿಗರ ಹುಡುಗಿಯ ಕಥೆ. 1406ರ ಸುಮಾರಿಗೆ ವಿಜಯನಗರದ ಒಂದನೆಯ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಷಾನಿಗೂ ನಡೆದ ಯುದ್ಧವನ್ನು ಬಿಜಾಪುರದ ಆಸ್ಥಾನದ ಚರಿತ್ರಕಾರ ಫರಿಸ್ತಾ ಹೇಳುವ ರೀತಿಯೇ ಬೇರೆ. ಅವನ ಪ್ರಕಾರ ಬಹಮನಿ ಸೀಮೆಯ ಮುದಗಲ್ಲಿನಲ್ಲಿದ್ದ ಪರ್ತಾಲ್ ಎಂಬ ಅಕ್ಕಸಾಲಿಗ ಕನ್ಯೆಯ ಚೆಲುವಿಕೆಯನ್ನೂ ಸಂಗೀತದ ಜಾಣ್ಮೆಯನ್ನೂ ಬ್ರಾಹ್ಮಣನೊಬ್ಬನಿಂದ ಕೇಳಿದ ದೇವರಾಯ ಅವಳನ್ನು ಬಯಸಿದನು, ಅವಳು ಒಲ್ಲೆನೆಂದಳು, ಆಗ ಅವನು ತುಂಗಭದ್ರೆ ದಾಟಿಸಿ ಐದು ಸಾವಿರ ಕುದುರೆ ಸವಾರರನ್ನು ಕಳಿಸಿದನು. ಅಷ್ಟರಲ್ಲಿ ಹುಡುಗಿಯ ಮನೆಯವರು ಊರು ಬಿಟ್ಟಿದ್ದರು, ಸವಾರರು ಸುತ್ತಲ ಸೀಮೆಯನ್ನು ಸೂರೆ ಮಾಡಿದರು, ಸುಲ್ತಾನ ಇದಕ್ಕೆ ಸೇಡು ತೀರಿಸಿಕೊಂಡನು. ಯುದ್ಧದ ಕೊನೆಯಲ್ಲಿ ಸೋತ ರಾಯ ಮಗಳನ್ನೂ ಬಂಕಾಪುರದ ಕೋಟೆಯನ್ನೂ ಒಪ್ಪಿಸುತ್ತಾನೆ, ಪರ್ತಾಲ್ ಸುಲ್ತಾನನ ಮಗ ಹಸನ್ ಖಾನನ ಕೈಹಿಡಿಯುತ್ತಾಳೆ.

ಫರಿಸ್ತಾ ಇದನ್ನು ಬರೆದದ್ದು ಘಟನೆ ನಡೆದು ಎರಡು ಶತಮಾನಗಳಾದ ಮೇಲೆ, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳಿಗಾಗಿ, ಅವುಗಳ ಕೆಳಗಿನ ಹೊಲಗಳ ಹುಟ್ಟುವಳಿಗಾಗಿ ವಿಜಯನಗರ, ಬಹಮನಿ ಎರಡೂ ರಾಜ್ಯಗಳು ತಾವು ಹುಟ್ಟಿದ 14ನೆಯ ಶತಮಾನದಿಂದಲೇ ಕಾದಾಡುತ್ತಿದ್ದವು. ಅದಕ್ಕೆ ಒಬ್ಬ ಹುಡುಗಿಯ ನೆವ ಬೇಕಿರಲಿಲ್ಲ. ಕಥೆಗೆ ಮಾತ್ರ ಬೇಕಿತ್ತು, ಏಕೆಂದರೆ ಕಂದಾಯದ ಲೆಕ್ಕದಲ್ಲಿ ಇಬ್ಬರೂ ಸಮಾನ ಆಸೆಬುರುಕರು, ಹುಡುಗಿಯ ಕಥೆಯಲ್ಲಿ ಒಬ್ಬ ಕಾಮುಕ, ಇನ್ನೊಬ್ಬ ರಕ್ಷಕ. ಜೊನಾಥನ್ ಸ್ಕಾಟ್ 1794ರಲ್ಲಿ, ಜಾನ್ ಬ್ರಿಗ್ಸ್ 1829ರಲ್ಲಿ ಫರಿಸ್ತಾನನ್ನು ಇಂಗ್ಲಿಷಿಗೆ ತಂದ ಮೇಲೆ ಈ ಪ್ರಸಂಗ ಇಂಗ್ಲಿಷ್ ಚರಿತ್ರೆಗಳೊಳಗೂ ಸೇರಿಕೊಂಡಿತು. ಪೂರ್ವದ ಅರಸರು ಅಂತಃಪುರದ ಚಪಲಕ್ಕಾಗಿ ಯುದ್ಧ ಹೂಡುವವರೆಂಬ ಅಲ್ಲಿನ ನಂಬಿಕೆಗೆ ಇದು ಸಿದ್ಧವಾಗಿ ಸಿಕ್ಕ ಸಾಕ್ಷಿಯಾಯಿತು.

1520ರ ರಾಯಚೂರು ಯುದ್ಧದ ಕಥನ ಇನ್ನೂ ಸಂಕೀರ್ಣವಾದದ್ದು. ಇದರ ವಿಸ್ತಾರವಾದ ವರ್ಣನೆ ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯದು. ಅವನು ವಿಜಯನಗರದಲ್ಲಿದ್ದು ಬರೆದದ್ದು 1535ರಿಂದ 1537ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ಯುದ್ಧ ಮುಗಿದು ಹದಿನೈದು ವರ್ಷಗಳಾದ ಮೇಲೆ. ಕುದುರೆ ಕೊಳ್ಳಲು ನಲವತ್ತು ಸಾವಿರ ಪರ್ದಾವೊ ಹಣ ಪಡೆದು ಗೋವೆಗೆ ಹೊರಟ ಸಯ್ಯದನೊಬ್ಬ ಆದಿಲಶಾಹನ ಆಶ್ರಯಕ್ಕೆ ಓಡಿಹೋದದ್ದೇ ಯುದ್ಧಕ್ಕೆ ನೆವವಾಯಿತೆಂದು ಅವನು ಹೇಳುತ್ತಾನೆ. ಕೃಷ್ಣದೇವರಾಯನ ಸೈನ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಾಲಾಳುಗಳಿದ್ದರೆಂಬ ಅವನ ಲೆಕ್ಕವನ್ನು ಯಾವ ಚರಿತ್ರಕಾರನೂ ಕಣ್ಣುಮುಚ್ಚಿ ನಂಬಲಾರ. ಆದರೆ ರಾಯಚೂರಿನ ಹತ್ತಿರದ ಮಲಿಯಾಬಾದಿನಲ್ಲಿ ದಂಡು ಇಳಿದ ಬಗೆ, ಪಾಳೆಯದೊಳಗೇ ಎದ್ದ ಅಂಗಡಿ ಬೀದಿಗಳು, ಕೋಟೆಯ ಬುಡಕ್ಕೆ ಹಾರೆ ಗುದ್ದಲಿ ಹಿಡಿದು ನುಗ್ಗಿದ ಆಳುಗಳ ಪಾಡು ಇವನ್ನೆಲ್ಲ ಅವನು ಹೇಳುವಾಗ ಓದುಗನಿಗೆ ಸಂಶಯ ಬರುವುದಿಲ್ಲ. ಮೇಲಿನಿಂದ ಗುಂಡು ಬಾಣಗಳು ಸುರಿಯುತ್ತಿದ್ದಾಗ ಆಳುಗಳನ್ನು ಗೋಡೆಯ ಹತ್ತಿರ ನಿಲ್ಲಿಸಲು ದಳವಾಯಿಗಳು ಕಂಡುಕೊಂಡ ಉಪಾಯವೆಂದರೆ ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಗಾತ್ರ ನೋಡಿ ಹಣ ಎಣಿಸಿ ಕೊಡುವುದು. ಕಲ್ಲಿಗಿಷ್ಟು ಹಣವೆಂದು ಪ್ರಾಣ ಪಣಕ್ಕಿಟ್ಟವರ ಈ ಒಂದು ವಿವರ ಆ ಯುದ್ಧದ ಎಲ್ಲ ಪ್ರಶಸ್ತಿಗಳಿಗಿಂತ ತೂಕವಾದದ್ದು.

ಇಷ್ಟು ನಂಬಿಕೆ ಗಳಿಸಿದ ಮೇಲೆ ನೂನಿಜ್ ತನ್ನ ದೇಶಬಾಂಧವರನ್ನು ರಂಗಕ್ಕೆ ತರುತ್ತಾನೆ. ಕ್ರಿಸ್ಟೋವಾವೊ ಡಿ ಫಿಗೆರೆಡೊ ಇಪ್ಪತ್ತು ಮಂದಿ ಕೋವಿಗಾರರೊಡನೆ ಬಂದು, ಕೋಟೆಯ ಮೇಲೆ ತಲೆ ತೋರಿದವರನ್ನು ಒಬ್ಬೊಬ್ಬರನ್ನಾಗಿ ಉರುಳಿಸಿ, ಕೆಳಗಿನವರಿಗೆ ಗೋಡೆ ಕೀಳಲು ದಾರಿ ಮಾಡಿಕೊಟ್ಟನು. ಕೊನೆಗೆ ಕೋಟೆಯ ಅಧಿಪತಿಯೇ ಹಣೆಗೆ ಗುಂಡು ತಗುಲಿ ಬಿದ್ದನು, ಪಟ್ಟಣ ಶರಣಾಯಿತು. ಬೃಹತ್ ಸೈನ್ಯವೊಂದು ವಾರಗಟ್ಟಲೆ ಮಾಡಲಾರದ್ದನ್ನು ಇಪ್ಪತ್ತು ಮಂದಿ ಪೋರ್ಚುಗೀಸರು ಮಾಡಿದರೆಂಬ ಈ ಚಿತ್ರ ಪೋರ್ಚುಗೀಸ್ ಓದುಗರಿಗೆ ಹಿತವಾಗಿದ್ದರೆ ಆಶ್ಚರ್ಯವಿಲ್ಲ. ಅದೇ ಹೊತ್ತಿನಲ್ಲಿ, ಆದಿಲಶಾಹ ರಾಯಚೂರಿನ ಯುದ್ಧದಲ್ಲಿ ತೊಡಗಿದ್ದಾಗ, ಗೋವೆಯ ಪೋರ್ಚುಗೀಸರು ಎದುರಿನ ದಡದ ಬಿಜಾಪುರದ ಸೀಮೆಯನ್ನು ವಶಪಡಿಸಿಕೊಂಡಿದ್ದರು. ಮಿತ್ರನಿಗೆ ನೆರವಾದ ಶೂರರ ಕಥೆ ಮುಂದೆ ಬಂದರೆ ನೆರೆಯವನ ನೆಲ ಕಬಳಿಸಿದವರ ಕಥೆ ಹಿಂದೆ ಸರಿಯುತ್ತದೆ.

ಬಿಜಾಪುರದ ಕಡೆಯ ಕಥನದಲ್ಲಿ ಪೋರ್ಚುಗೀಸ್ ಕೋವಿಗಳ ಮಹಿಮೆಗೆ ಜಾಗವಿಲ್ಲ. ಇಸ್ಮಾಯಿಲ್ ಆದಿಲಶಾಹ ಮದ್ಯದ ಅಮಲಿನಲ್ಲಿ ಆನೆಯೇರಿ, ಸಿದ್ಧತೆಯಿಲ್ಲದೆ ತುಂಬುಹೊಳೆ ದಾಟಿ, ಸ್ವಲ್ಪ ದಂಡಿನೊಡನೆ ಶತ್ರುವಿನ ಮೇಲೆ ಬಿದ್ದದ್ದರಿಂದ ಸೋತನೆಂದು ಫರಿಸ್ತಾ ಬರೆಯುತ್ತಾನೆ. ರಾಯಚೂರನ್ನು ಮರಳಿ ಗೆಲ್ಲುವ ತನಕ ಮದ್ಯ ಮುಟ್ಟುವುದಿಲ್ಲವೆಂದು ಸುಲ್ತಾನ ಆಣೆಯಿಟ್ಟನಂತೆ. ಸೋಲಿಗೆ ಒಂದು ರಾತ್ರಿಯ ಅಮಲೇ ಕಾರಣವಾದರೆ ರಾಜ್ಯದ ಬಲಕ್ಕೂ ಸೈನ್ಯದ ಸಾಮರ್ಥ್ಯಕ್ಕೂ ಕುಂದಿಲ್ಲ. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಬೆನ್ನಲ್ಲೇ, 1530ರಲ್ಲಿ, ರಾಯಚೂರು ಮತ್ತೆ ಬಿಜಾಪುರಕ್ಕೆ ಸೇರಿತು.

ನೂನಿಜನ ಹಸ್ತಪ್ರತಿ ಶತಮಾನಗಳ ಕಾಲ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದಿತ್ತು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು, ಮದ್ರಾಸ್ ಪ್ರಾಂತ್ಯದ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರ ತನ್ನ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಅದರ ಇಂಗ್ಲಿಷ್ ಅನುವಾದ ಕೊಟ್ಟನು. ರಾಯಚೂರು ಯುದ್ಧದ ಬಗ್ಗೆ ಇಂದು ಪ್ರಚಲಿತವಾಗಿರುವ ಬಹುಪಾಲು ಮಾತುಗಳು ಈ ದಾರಿಯಿಂದಲೇ ಬಂದವು.

ಇಷ್ಟಾದರೂ ಫರಿಸ್ತಾ, ನೂನಿಜರು ಚರಿತ್ರೆ ಬರೆಯುತ್ತೇವೆಂದು ಹೊರಟವರು. ಕಾದಂಬರಿಯೆಂದೇ ಹೇಳಿಕೊಂಡು ಎಡೆದೊರೆಯ ಕದನಗಳನ್ನು ಬ್ರಿಟಿಷ್ ಓದುಗರ ಮನೆಗೆ ಒಯ್ದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮನ ಸೈನ್ಯ ಸೇರಿದ ಅವನು, 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಮನೆಮಾತಾದನು. ಮರುವರ್ಷ ಮೈಸೂರು ಯುದ್ಧಗಳ ಕಾದಂಬರಿ ‘ಟಿಪ್ಪೂ ಸುಲ್ತಾನ್’ ಹೊರಬಂತು. 1840ರ ಸುಮಾರಿನಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರನೂ ಆಗಿದ್ದನು. ಕಾದಂಬರಿ, ಪತ್ರಿಕೆ, ಸರ್ಕಾರಿ ವರದಿ ಮೂರೂ ಒಂದೇ ಕೈಯಿಂದ ಹೊರಡುತ್ತಿದ್ದವೆಂಬುದನ್ನು ಅವನ ಓದುಗರಲ್ಲಿ ಎಷ್ಟು ಮಂದಿ ಗಮನಿಸಿದ್ದರೋ ಹೇಳಲಾಗದು.

1841ರಲ್ಲಿ ಟೇಲರನನ್ನು ಸುರಪುರಕ್ಕೆ ನೇಮಿಸಲಾಯಿತು. ಸುರಪುರವು ದೇವದುರ್ಗದ ಎದುರು ದಡದಲ್ಲಿ, ಕೃಷ್ಣೆಯಾಚೆ ಇದ್ದ ಬೇಡ ನಾಯಕರ ಸಂಸ್ಥಾನ. ದೇವದುರ್ಗದ ಕೋಟೆಯೂ ಬೇಡ ಪಾಳೆಯಗಾರರ ನೆಲೆಯೇ. ಔರಂಗಜೇಬ ತನ್ನ ಕೊನೆಯ ಮುತ್ತಿಗೆಯನ್ನು, 1705ರಲ್ಲಿ, ಹಾಕಿದ್ದು ಇದೇ ನಾಯಕರ ವಾಗಿನಗೇರಿ ಕೋಟೆಗೆ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ, ಮಗ ವೆಂಕಟಪ್ಪ ನಾಯಕನು ಬಾಲಕನಾಗಿದ್ದ ಕಾಲದಲ್ಲಿ, ಟೇಲರ್ 1853ರವರೆಗೆ ಸಂಸ್ಥಾನದ ಆಡಳಿತ ನಡೆಸಿದನು. ಬೋನಾಳದ ಕೆರೆಯನ್ನು ಹಿಗ್ಗಿಸಿದನು, ರಾಜನ್‌ಕೋಳೂರಿನ ಬೃಹತ್ ಶಿಲಾಗೋರಿಗಳನ್ನು ಮೊದಲಿಗೆ ದಾಖಲಿಸಿದವರಲ್ಲಿ ಒಬ್ಬನಾದನು, ಬೆಟ್ಟದ ಮೇಲೆ ಮನೆ ಕಟ್ಟಿಸಿದನು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಈ ನೆಲವನ್ನು ಅವನು ಪ್ರೀತಿಸಿದ್ದು ನಿಜ. ಅವನ ಬರಹದ ರಾಜಕೀಯ ಪರಿಣಾಮವನ್ನು ಅಳೆಯುವುದು ಕಷ್ಟವಾಗುವುದೂ ಈ ಪ್ರೀತಿಯಿಂದಲೇ.

ಅವನ ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’ ಅವನು 1876ರಲ್ಲಿ ತೀರಿಕೊಂಡ ಬಳಿಕ ಪುಸ್ತಕವಾಗಿ ಬಂತು. ಅದರ ಹೆಸರಿನ ರಾಣಿ ಚಾಂದ್ ಬೀಬಿ, 1595-96ರಲ್ಲಿ ಮೊಗಲರ ವಿರುದ್ಧ ಅಹಮದ್‌ನಗರದ ಕೋಟೆಯನ್ನು ಕಾಪಾಡಿದವಳು. ಆದರೆ ಕಥೆ ಆರಂಭವಾಗುವುದು ಇಂದಿನ ಲಿಂಗಸೂಗೂರು ತಾಲ್ಲೂಕಿನ ಜಲದುರ್ಗದ ಹತ್ತಿರ, ಪ್ರವಾಹ ಬಂದ ಕೃಷ್ಣೆಯ ದಡದಲ್ಲಿ. ಗಾಯಗೊಂಡ ಬಿಜಾಪುರದ ಯುವ ಸರದಾರ ಅಬ್ಬಾಸ್ ಖಾನ್ ಹೊಳೆ ದಾಟುವ ಆ ಭಾಗದಲ್ಲಿ ಹರಿಗೋಲು, ಅಂದರೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ದುಂಡು ದೋಣಿ, ಅದನ್ನು ನಡೆಸುವ ಬೇಡರು, ಬಂಡೆಗಳ ನಡುವೆ ಭೋರ್ಗರೆದು ಕೆಳಗಿಳಿಯುವ ನೀರು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಆ ನೀರು ಅಲ್ಲಿಂದ ತಿಂಥಣಿಯನ್ನು ಹಾದು ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ ಹರಿಯುವುದನ್ನು ಕಂಡವರು ಟೇಲರನ ಕಣ್ಣಿನ ನಿಷ್ಠೆಯನ್ನು ಒಪ್ಪಲೇಬೇಕು. ಮುದಗಲ್ಲಿನ ಕ್ರೈಸ್ತ ನೆಲೆಯೂ ಕಥೆಯೊಳಗೆ ಬರುತ್ತದೆ.

ಕಾರಣಗಳ ವಿಷಯಕ್ಕೆ ಬಂದಾಗ ಮಾತ್ರ ಕಾದಂಬರಿಯ ದಾರಿ ಬೇರೆಯಾಗುತ್ತದೆ. ಅಲ್ಲಿನ ಬೇಡರು ಧೈರ್ಯಶಾಲಿಗಳು, ಕೊಟ್ಟ ಮಾತಿಗೆ ತಪ್ಪದವರು, ಉಪಕಾರ ಮಾಡಿದವನಿಗಾಗಿ ಪ್ರಾಣ ಕೊಡುವವರು. ಆದರೆ ತಮಗೆ ತಾವೇ ದಾರಿ ಕಂಡುಕೊಳ್ಳಲಾರದವರು, ನ್ಯಾಯವಂತನಾದ ಒಡೆಯನೊಬ್ಬ ಮೇಲಿದ್ದರೆ ಮಾತ್ರ ಒಳ್ಳೆಯವರು. ಈ ಚಿತ್ರ ಟೇಲರನ ಆತ್ಮಕಥೆಯಲ್ಲೂ ಅದೇ ರೂಪದಲ್ಲಿ ಕಾಣುತ್ತದೆ. ಸುರಪುರ ಹಾಳಾದದ್ದಕ್ಕೆ ಉತ್ತರಾಧಿಕಾರಕ್ಕಾಗಿ ಹೇರಿದ ನಜರಾಣೆ, ವರ್ಷವರ್ಷವೂ ಕಟ್ಟಬೇಕಾಗಿದ್ದ ಪೇಷ್ಕಷ್ ಎಂಬ ಕಪ್ಪ, ಅವುಗಳ ಬಾಕಿ, ಬಾಕಿಗೆ ತೆತ್ತ ಬಡ್ಡಿ ಇವು ದೊಡ್ಡ ಕಾರಣಗಳು. ಎಡೆದೊರೆಯ ಕಥೆಯೂ ಸಾಲದ ಕಥೆಯೇ: ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದ ಹೈದರಾಬಾದ್ ಕಾಂಟಿಂಜೆಂಟ್ ಸೈನ್ಯದ ಸಂಬಳದ ಬಾಕಿಗಾಗಿ 1853ರ ಒಪ್ಪಂದದಲ್ಲಿ ನಿಜಾಮ ಬೀರಾರ್, ನಳದುರ್ಗದ ಸೀಮೆಗಳೊಡನೆ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಒಪ್ಪಿಸಬೇಕಾಯಿತು, ರಾಯಚೂರು, ಮಾನ್ವಿ, ದೇವದುರ್ಗದ ರೈತರು 1860ರವರೆಗೆ ಕಂದಾಯ ಕಟ್ಟಿದ್ದು ಅವರಿಗೆ. ಅಧಿಕಾರಿಯಾಗಿ ಟೇಲರನಿಗೆ ಈ ಲೆಕ್ಕಗಳೆಲ್ಲ ಗೊತ್ತಿದ್ದವು. ಕಾದಂಬರಿಯ ಓದುಗನಿಗೆ ಉಳಿಯುವುದು ಲೆಕ್ಕವಲ್ಲ, ಸ್ವಭಾವ.

1857ರ ದಂಗೆಯ ಬೆನ್ನಲ್ಲೇ, 1858ರ ಫೆಬ್ರುವರಿಯಲ್ಲಿ, ಸುರಪುರದಲ್ಲಿ ವೆಂಕಟಪ್ಪ ನಾಯಕನ ಕಡೆಯವರಿಗೂ ಬ್ರಿಟಿಷರಿಗೂ ಕಾಳಗ ನಡೆಯಿತು. ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಇಪ್ಪತ್ತಷ್ಟೇ ದಾಟಿದ್ದ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಅವನಿಗೆ ವಿಧಿಸಿದ ಮರಣದಂಡನೆ ಇಳಿಯುತ್ತ ಬಂದು ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಅವನು ಸತ್ತನು. ತನ್ನನ್ನು ಅಪ್ಪ ಎಂದು ಕರೆಯುತ್ತಿದ್ದ ಹುಡುಗನ ಈ ಕೊನೆಯನ್ನು ಟೇಲರ್ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ನಿಜವಾದ ಸಂಕಟದಿಂದ ಬರೆದಿದ್ದಾನೆ. ಆದರೆ ಅವನು ಬರೆದದ್ದು ಕಾದಂಬರಿಕಾರನ ಕ್ರಮದಲ್ಲಿ: ರಾಜ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುವನೆಂದು ಜೋಯಿಸರು ಮೊದಲೇ ಹೇಳಿದ್ದರು, ತಾಯಿ ರಾಣಿ ಈಶ್ವರಮ್ಮನಿಗೆ ಅದು ತಿಳಿದಿತ್ತು, ಕೊನೆಗೆ ಜಾತಕ ಬರೆದಂತೆಯೇ ಆಯಿತು. ದುಷ್ಟ ಸಲಹೆಗಾರರು, ಯೌವನದ ಚಪಲ, ವಿಧಿ ಇವು ಕಥೆಯನ್ನು ಮುಗಿಸಿದಾಗ, ಸಂಸ್ಥಾನವೊಂದನ್ನು ಅಳಿಸಿ 1860ರಲ್ಲಿ ನಿಜಾಮನಿಗೆ ಬಹುಮಾನವಾಗಿ ಕೊಟ್ಟ ನಿರ್ಧಾರಕ್ಕೆ ಯಾರೂ ಉತ್ತರ ಹೇಳಬೇಕಾಗಿ ಬರುವುದಿಲ್ಲ. ಈ ಅನ್ಯಾಯ ಟೇಲರನ ಮರುಕದಿಂದ ಕಡಿಮೆಯಾಗುವುದಿಲ್ಲ.

ಭವಿಷ್ಯವಾಣಿಯ ಈ ಹಂದರ ಅವನ ಇತರ ಕಾದಂಬರಿಗಳಲ್ಲೂ ಇದೆ. ‘ತಾರಾ’ 1657ರ, ‘ರಾಲ್ಫ್ ಡಾರ್ನೆಲ್’ 1757ರ, ‘ಸೀತಾ’ 1857ರ ಕಥೆ. ನೂರು ವರ್ಷಕ್ಕೊಮ್ಮೆ ಅಧಿಕಾರ ಕೈ ಬದಲಿಸುತ್ತದೆಂಬ ಲೆಕ್ಕ. 1872ರ ‘ಸೀತಾ’ದಲ್ಲಿ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ; 1857ರ ಕಹಿ ಇಂಗ್ಲೆಂಡಿನಲ್ಲಿ ಇನ್ನೂ ಆರದಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ. ಅಲ್ಲೂ ದಂಗೆಗೆ ಮೂಲ ಅಜ್ರಾಯಿಲ್ ಪಾಂಡೆ ಎಂಬ ಖಳನ ಸಂಚು. ಇದೇ ದಂಗೆಯ ಬಗ್ಗೆ ಇತರರು ಬರೆದ ಕಾದಂಬರಿಗಳಲ್ಲಿ ಹೆಂಟಿಯ ‘ಇನ್ ಟೈಮ್ಸ್ ಆಫ್ ಪೆರಿಲ್’ 1881ರಲ್ಲಿ ಬಾಲಕರ ಕೈಗೂ, ಫ್ಲೋರಾ ಆ್ಯನಿ ಸ್ಟೀಲಳ ‘ಆನ್ ದಿ ಫೇಸ್ ಆಫ್ ದಿ ವಾಟರ್ಸ್’ 1896ರಲ್ಲಿ ದೊಡ್ಡವರ ಕೈಗೂ ಬಂದವು. ಶತಮಾನದ ಯಾವ ಮಹಾಘಟನೆಯೂ ಇಂಗ್ಲಿಷ್ ಜನರ ಕಲ್ಪನೆಯನ್ನು 1857ರಷ್ಟು ಹಿಡಿದಿಟ್ಟಿಲ್ಲವೆಂದು, ಕಾದಂಬರಿಗಳ ರಾಶಿಯನ್ನು ಕಂಡು, ಹಿಲ್ಡಾ ಗ್ರೆಗ್ ಎಂಬ ಲೇಖಕಿ 1897ರಲ್ಲಿ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಬರೆದಳು.

ಹೊರಗಿನವರೆಂದರೆ ಕಡಲಾಚೆಯವರು ಮಾತ್ರವೆಂದು ಭಾವಿಸಬೇಕಾಗಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡ, ಮೈಸೂರುಗಳ ಕನ್ನಡ ಓದುಗನಿಗೆ ರಾಯಚೂರು ನಿಜಾಮನ ರಾಜ್ಯ, ಇನ್ನೊಂದು ಸರ್ಕಾರದ ಸೀಮೆ. ಗಳಗನಾಥರು ಹರಿನಾರಾಯಣ ಆಪ್ಟೆಯವರ ಮರಾಠಿ ‘ವಜ್ರಾಘಾತ’ವನ್ನು ಅನುಸರಿಸಿ ಬರೆದ ‘ಕನ್ನಡಿಗರ ಕರ್ಮಕಥೆ’ 1565ರ ಮಹಾಯುದ್ಧವನ್ನು ಆ ಓದುಗನಿಗೆ ಮುಟ್ಟಿಸಿತು. ಅಲ್ಲಿ ವಿಜಯನಗರ ಹಾಳಾಗುವುದು ರಾಮರಾಯನು ಮೆಹೆರ್ಜಾನಳನ್ನು ಪ್ರೀತಿಸಿ ಕೈಬಿಟ್ಟದ್ದರಿಂದ, ಅವರ ಮಗ ಸೇಡಿಗೆ ನಿಂತದ್ದರಿಂದ. ಮುದಗಲ್ಲಿನ ಪರ್ತಾಲಳ ಕಥೆಯಂತೆ ಇಲ್ಲೂ ದೋಆಬಿನ ಕೋಟೆಗಳ ಮೇಲಿನ ಜಗಳ ಪ್ರಣಯದ ಒಡಲಲ್ಲಿ ಮರೆಯಾಯಿತು. ಗಳಗನಾಥರು ಕನ್ನಡಿಗರಲ್ಲಿ ಓದುವ ಹುಚ್ಚನ್ನೂ ನಾಡಿನ ಅಭಿಮಾನವನ್ನೂ ಹುಟ್ಟಿಸಿದವರು, ಆ ಋಣ ದೊಡ್ಡದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲೇ ಸೇರಿದಾಗ, ಕಾದಂಬರಿಗಳಲ್ಲಿ ಓದಿದ ಕೋಟೆಯನ್ನು ಕಣ್ಣಾರೆ ಕಾಣುವ ಅವಕಾಶ ಹೊರಗಿನ ಕನ್ನಡಿಗರಿಗೆ ಒದಗಿತು. ಆ ಕೋಟೆಯ ಸುತ್ತ ಉರ್ದುವಿನಲ್ಲಿ ನಡೆಯುತ್ತಿದ್ದ ಆಡಳಿತ ಮಾತ್ರ ಯಾವ ಐತಿಹಾಸಿಕ ಕಾದಂಬರಿಯಲ್ಲೂ ಸಿಗುವಂಥದಾಗಿರಲಿಲ್ಲ.

ಬೇಡರ ಕದನವನ್ನು ಅವರ ನುಡಿಯಲ್ಲೇ ಹೇಳುವ ಕಥನವೂ ಒಂದುಂಟು, ಅದು ಎಡೆದೊರೆಯದಲ್ಲ, ಪಶ್ಚಿಮಕ್ಕೆ ಮುಧೋಳ ಸೀಮೆಯ ಹಲಗಲಿಯದು. ಅಲ್ಲಿನ ಬೇಡರು 1857ರಲ್ಲಿ ಎದ್ದ ಬಗೆಯನ್ನು ಹಾಡುವ ಲಾವಣಿಯನ್ನು, ಅಂದರೆ ಡಪ್ಪು ತುಂತುಣಿಯ ಜೊತೆ ಹಾಡುವ ಕಥನಗೀತವನ್ನು, ಜಾನ್ ಫೆಯ್ತ್‌ಫುಲ್ ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದನು. ಟೇಲರನಂತೆ ಫ್ಲೀಟನೂ ಅಧಿಕಾರಿಯೇ, ಆದರೆ ಅವನು ಹಾಡಿದವರ ಮಾತನ್ನೇ ಬರೆದುಕೊಂಡನು. ಆ ಲಾವಣಿ ಜಾತಕವನ್ನಾಗಲಿ, ಕುಲದ ಗುಣವನ್ನಾಗಲಿ ಎತ್ತಿಕೊಂಡು ಹೊರಡುವುದಿಲ್ಲ. ಮನೆಯ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಬಂದ ಹುಕುಮಿನಿಂದ ಅದು ತನ್ನ ಕಥೆಯನ್ನು ಆರಂಭಿಸುತ್ತದೆ.